ಹಸಿ ಮೀನಿಗೆ ತಾಜಾತನವೊಂದೇ ಸಾಲದು

ಜಪಾನೀಯರ ಊಟದಲ್ಲಿ ಹಿರಾಮೆ ಎಂಬ ಮೀನಿಗೆ ದೊಡ್ಡ ಮರ್ಯಾದೆ. ಮಂಗಳೂರು ಕಡೆಯ ನಂಗ್ ಮೀನಿನ ಹಾಗೆ ಚಪ್ಪಟೆ ಮೈ, ಎರಡೂ ಕಣ್ಣು ಒಂದೇ ಬದಿಗೆ. ಮಾಂಸ ಬೆಳ್ಳಗಿರುತ್ತದೆ, ಕೊಬ್ಬು ಬಹಳ ಕಡಿಮೆ. ತೊಟ್ಟಿಯಲ್ಲಿ ಜೀವಂತ ಇಟ್ಟಿದ್ದ ಮೀನನ್ನು ಆಗಲೇ ಕೊಂದು, ತಟ್ಟೆಯ ಬಣ್ಣ ಕಾಣುವಷ್ಟು ತೆಳ್ಳಗೆ ಕೊಯ್ದು, ಹಸಿಯಾಗಿಯೇ ಬಡಿಸುತ್ತಾರೆ. ಈ ಶತಮಾನದ ಮೊದಲ ದಶಕದಲ್ಲಿ ಇದನ್ನು ತಿಂದ ಕೆಲವರಿಗೆ ಕೆಲವೇ ಗಂಟೆಗಳಲ್ಲಿ ವಾಂತಿ, ಭೇದಿ ಆಗತೊಡಗಿತು. ಒಂದೆರಡು ದಿನದಲ್ಲಿ ತಾನಾಗಿಯೇ ನಿಲ್ಲುತ್ತಿತ್ತು. ಪರೀಕ್ಷೆ ಮಾಡಿದರೆ ಗೊತ್ತಿರುವ ಬ್ಯಾಕ್ಟೀರಿಯಾ ಇಲ್ಲ, ವೈರಸ್ ಇಲ್ಲ, ವಿಷವೂ ಇಲ್ಲ.

ಕೊನೆಗೆ ಸಿಕ್ಕಿಬಿದ್ದದ್ದು ಕುಡೋವಾ ಸೆಪ್ಟೆಂಪಂಕ್ಟಾಟ ಎಂಬ ಪರಾವಲಂಬಿ. ಮೀನಿನ ಸ್ನಾಯುವಿನೊಳಗೆ ಇರುವ ಇದರ ಬೀಜಾಣುಗಳು ಎಷ್ಟು ಸಣ್ಣವೆಂದರೆ ಸೂಕ್ಷ್ಮದರ್ಶಕವಿಲ್ಲದೆ ಕಾಣಿಸುವುದೇ ಇಲ್ಲ. ವಂಶವೃಕ್ಷದಲ್ಲಿ ಇದು ಲೋಳೆಮೀನುಗಳ ದೂರದ ನೆಂಟ ಎಂಬುದು ಇನ್ನೊಂದು ಅಚ್ಚರಿ. 2011ರಲ್ಲಿ ಜಪಾನಿನ ಆರೋಗ್ಯ ಸಚಿವಾಲಯ ಇದನ್ನು ಆಹಾರ ವಿಷಬಾಧೆಯ ಕಾರಣಗಳ ಪಟ್ಟಿಗೆ ಸೇರಿಸಿತು.

ಹಿರಾಮೆಯ ಈ ಪ್ರಸಂಗ ಹಸಿ ಮೀನಿನ ಬಗೆಗಿನ ದೊಡ್ಡ ನಂಬಿಕೆಯೊಂದನ್ನು ಅಲುಗಾಡಿಸುತ್ತದೆ. ಮೀನು ಎಷ್ಟು ತಾಜಾ ಇದ್ದರೆ ಅಷ್ಟು ಸುರಕ್ಷಿತ ಎಂದು ಎಲ್ಲರೂ ಭಾವಿಸುತ್ತಾರೆ. ಬ್ಯಾಕ್ಟೀರಿಯಾದ ಮಟ್ಟಿಗೆ ಅದು ನಿಜ: ಅವುಗಳಿಗೆ ಹೆಚ್ಚಲು ಸಮಯ ಬೇಕು. ಪರಾವಲಂಬಿಯ ಲೆಕ್ಕ ಬೇರೆ. ಅದು ಮೀನು ಬದುಕಿದ್ದಾಗಲೇ ಒಳಗೆ ಸೇರಿರುತ್ತದೆ. ಆಗತಾನೆ ಕೊಯ್ದ ಮೀನಿನಲ್ಲಿ ಅದೂ ಜೀವಂತವಾಗಿಯೇ ಇರುತ್ತದೆ. ಹಿರಾಮೆಯನ್ನು −20 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಾಲ್ಕು ಗಂಟೆ ಘನೀಕರಿಸಿಟ್ಟರೆ ಕುಡೋವಾ ಸಾಯುತ್ತದೆ. ಆದರೆ ಹಾಗೆ ಮಾಡಿದರೆ ಮಾಂಸದ ಬಿಗಿ ಹೋಗುತ್ತದೆಂದು ರುಚಿ ಬಲ್ಲವರು ಒಪ್ಪುವುದಿಲ್ಲ.

ಇಷ್ಟಕ್ಕೂ ಕೊಬ್ಬು ಕಡಿಮೆ ಇರುವ ಇಂಥ ಮೀನಿನಲ್ಲಿ ಸಿಗುವುದೇನು? ಕಾಡ್ ಮೀನನ್ನೇ ತೆಗೆದುಕೊಳ್ಳಿ. ನೂರು ಗ್ರಾಂ ಹಸಿ ಮಾಂಸದಲ್ಲಿ ಸುಮಾರು 18 ಗ್ರಾಂ ಪ್ರೋಟೀನ್, ಒಂದು ಗ್ರಾಂಗಿಂತ ಕಡಿಮೆ ಕೊಬ್ಬು, ಸುಮಾರು 80 ಕ್ಯಾಲರಿ. ಜೊತೆಗೆ ಬಿ12, ಅಯೋಡಿನ್, ಸೆಲೆನಿಯಂ. ಕಾಡ್ ತನ್ನ ಕೊಬ್ಬನ್ನು ಸ್ನಾಯುವಿನಲ್ಲಿ ಇಡುವುದಿಲ್ಲ, ಯಕೃತ್ತಿನಲ್ಲಿ ಕೂಡಿಡುತ್ತದೆ. ಕಾಡ್ ಲಿವರ್ ಎಣ್ಣೆ ಬರುವುದು ಅಲ್ಲಿಂದಲೇ. ಹಾಗಾಗಿ ಬಂಗುಡೆ, ಭೂತಾಯಿಗಳಲ್ಲಿ ಸಿಗುವಷ್ಟು ಒಮೆಗಾ-3 ಇದರ ಮಾಂಸದಲ್ಲಿ ಸಿಗದು.

ಬೇಯಿಸಿದರೆ ಪೋಷಕಾಂಶವೆಲ್ಲ ಹೋಗುತ್ತದೆ ಎಂಬ ಮಾತಿಗೆ ಹೆಚ್ಚು ಬೆಲೆ ಕೊಡಬೇಕಿಲ್ಲ. ನೀರಿನಲ್ಲಿ ಕರಗುವ ಬಿ ಜೀವಸತ್ವಗಳು ಒಂದಿಷ್ಟು ಹೊರಬರುತ್ತವೆ, ಸರಿ. ಆದರೆ ಅವುಗಳಲ್ಲಿ ಬಹುಪಾಲು ಸಾರಿನಲ್ಲೇ ಉಳಿಯುತ್ತವೆ, ಸಾರನ್ನು ಯಾರೂ ಚೆಲ್ಲುವುದಿಲ್ಲ. ಕೆಲವು ಮೀನನ್ನಂತೂ ಬೇಯಿಸದೆ ತಿಂದರೇ ನಷ್ಟ. 1930ರ ದಶಕದಲ್ಲಿ ಅಮೆರಿಕದ ಮಿನ್ನೆಸೋಟಾದಲ್ಲಿ, ತುಪ್ಪಳಕ್ಕಾಗಿ ನರಿ ಸಾಕುತ್ತಿದ್ದ ಚಾಸ್ಟೆಕ್ ಎಂಬುವರ ಕೇಂದ್ರದಲ್ಲಿ ನರಿಗಳು ತೂರಾಡಿ, ಮೈ ಸೆಟೆದು ಸಾಯತೊಡಗಿದವು. ಅವುಗಳ ಆಹಾರದಲ್ಲಿ ಹಸಿ ಕಾರ್ಪ್ ಮೀನಿತ್ತು. ಅದರಲ್ಲಿರುವ ಥಯಾಮಿನೇಸ್ ಎಂಬ ಕಿಣ್ವ ಬಿ1 ಜೀವಸತ್ವವನ್ನು ಒಡೆದುಹಾಕುತ್ತದೆ. ಬೇಯಿಸಿದರೆ ಆ ಕಿಣ್ವವೇ ನಾಶವಾಗುತ್ತದೆ. ಎಲ್ಲ ಮೀನಿನಲ್ಲೂ ಇದು ಇರುವುದಿಲ್ಲ, ಅಪರೂಪಕ್ಕೆ ತಿಂದವರಿಗೆ ಹೀಗಾಗುವುದೂ ಇಲ್ಲ. ಆದರೂ ‘ಹಸಿ ಇದ್ದಷ್ಟೂ ಪುಷ್ಟಿ’ ಎಂಬ ಲೆಕ್ಕ ಇಲ್ಲಿ ತಲೆಕೆಳಗಾಗುತ್ತದೆ.

ಕೊಬ್ಬು ಕಡಿಮೆ ಇದ್ದ ಮಾತ್ರಕ್ಕೆ ಹುಳು ಕಡಿಮೆ ಎಂದೂ ಅಲ್ಲ. ಕಾಡ್ ಮೀನಿನಲ್ಲಿ ಅನಿಸಾಕಿಸ್ ಜಾತಿಯ ದುಂಡುಹುಳುಗಳ ಮರಿ ಸಾಮಾನ್ಯ. ಇವು ಪ್ರಾಯಕ್ಕೆ ಬರುವುದು ತಿಮಿಂಗಿಲ, ಡಾಲ್ಫಿನ್‌ಗಳ ಹೊಟ್ಟೆಯಲ್ಲಿ. ಮೊಟ್ಟೆ ಸಮುದ್ರ ಸೇರುತ್ತದೆ, ಮರಿ ಸಿಗಡಿಯಂಥ ಸಣ್ಣ ಜೀವಿಗಳ ಮೂಲಕ ಮೀನಿಗೆ ಬರುತ್ತದೆ. ಮನುಷ್ಯ ಹಸಿ ಮೀನು ತಿಂದಾಗ ದಾರಿ ತಪ್ಪಿ ಅವನ ಹೊಟ್ಟೆಗೆ ಬಂದ ಎರಡು-ಮೂರು ಸೆಂಟಿಮೀಟರಿನ ಈ ಮರಿ ಜಠರದ ಗೋಡೆಗೆ ತಲೆ ಚುಚ್ಚುತ್ತದೆ. ಕೆಲವೇ ಗಂಟೆಗಳಲ್ಲಿ ತಡೆಯಲಾಗದ ನೋವು. ವೈದ್ಯರು ಎಂಡೋಸ್ಕೋಪ್ ಇಳಿಸಿ ಹುಳುವನ್ನು ಹಿಡಿದೆಳೆದರೆ ನೋವು ಬೇಗ ತಗ್ಗುತ್ತದೆ. ಉಪ್ಪು, ವಿನೆಗರ್, ನಿಂಬೆರಸ, ವಸಾಬಿ — ಊಟದ ಹೊತ್ತಿಗೆ ಹಚ್ಚುವ ಪ್ರಮಾಣದಲ್ಲಿ ಇವ್ಯಾವುದೂ ಇದನ್ನು ಕೊಲ್ಲುವುದಿಲ್ಲ.

ಕೊಲ್ಲುವುದು ಬೆಂಕಿ, ಇಲ್ಲವೇ ತೀವ್ರ ಚಳಿ. ಮನುಷ್ಯರಲ್ಲಿ ಈ ರೋಗವನ್ನು ಮೊದಲು ವಿವರಿಸಿದ್ದು 1960ರಲ್ಲಿ, ನೆದರ್‌ಲ್ಯಾಂಡ್ಸ್‌ನಲ್ಲಿ. ಅಲ್ಲಿನವರಿಗೆ ತುಸುವೇ ಉಪ್ಪು ಹಾಕಿದ ಹೆರಿಂಗ್ ಮೀನೆಂದರೆ ಪ್ರಾಣ. ಅದನ್ನು ನಿಷೇಧಿಸುವ ಬದಲು ಸರ್ಕಾರ 1968ರಲ್ಲಿ, ಮಾರುವ ಮುನ್ನ ಹೆರಿಂಗನ್ನು ಘನೀಕರಿಸಲೇಬೇಕೆಂದು ಕಾನೂನು ಮಾಡಿತು. ರೋಗ ಬಹುಮಟ್ಟಿಗೆ ಮಾಯವಾಯಿತು, ಹೆರಿಂಗ್ ಉಳಿಯಿತು. ಇಷ್ಟು ಸರಳವಾಗಿ ಗೆದ್ದ ಆಹಾರ ಕಾನೂನು ಅಪರೂಪ. ಇಂದು ಐರೋಪ್ಯ ಒಕ್ಕೂಟದ ನಿಯಮ −20 ಡಿಗ್ರಿಯಲ್ಲಿ ಕನಿಷ್ಠ 24 ಗಂಟೆ ಎನ್ನುತ್ತದೆ. ಅಮೆರಿಕದ ಆಹಾರ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅದೇ ತಾಪಮಾನದಲ್ಲಿ ಏಳು ದಿನ ಕೇಳುತ್ತದೆ.

ಕೆರೆ, ಹೊಳೆಗಳ ಮೀನಿನ ಅಪಾಯ ಇದಕ್ಕಿಂತ ಗಂಭೀರ. ಥಾಯ್ಲೆಂಡಿನ ಈಶಾನ್ಯ ಭಾಗದಲ್ಲಿ ಸಿಹಿನೀರಿನ ಸಣ್ಣ ಮೀನನ್ನು ಕೊಚ್ಚಿ, ನಿಂಬೆರಸ, ಮೆಣಸು ಬೆರೆಸಿ ಮಾಡುವ ಕೊಯ್ ಪ್ಲಾ ಬಡವರ ನಿತ್ಯದ ಊಟ. ಅದರ ಜೊತೆ ಹೊಟ್ಟೆ ಸೇರುವ ಚಪ್ಪಟೆ ಹುಳು ಪಿತ್ತನಾಳದಲ್ಲಿ ವರ್ಷಗಟ್ಟಲೆ ಬದುಕಿ ಕ್ಯಾನ್ಸರಿಗೆ ದಾರಿ ಮಾಡುತ್ತದೆ. ಪಿತ್ತನಾಳದ ಕ್ಯಾನ್ಸರ್ ಜಗತ್ತಿನಲ್ಲೇ ಅತಿ ಹೆಚ್ಚು ಇರುವುದು ಅಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1994ರಲ್ಲೇ ಈ ಹುಳುವನ್ನು ಖಚಿತ ಕ್ಯಾನ್ಸರ್‌ಕಾರಕಗಳ ಗುಂಪಿಗೆ ಸೇರಿಸಿದೆ. ಕಾಟ್ಲಾ, ರೋಹು ಕೂಡ ಸಿಹಿನೀರಿನ ಮೀನುಗಳೇ. ಅವನ್ನು ಹಸಿಯಾಗಿ ತಿನ್ನುವ ಪ್ರಯೋಗಕ್ಕೆ ಯಾರೂ ಇಳಿಯಬಾರದು.

ಟ್ಯೂನಾದ ಕೆಂಪು ಮಾಂಸದಲ್ಲೂ ಕೊಬ್ಬು ಕಡಿಮೆ. ದೊಡ್ಡ ಟ್ಯೂನಾಗಳಲ್ಲಿ ಹುಳುಗಳ ಭಯ ಅಷ್ಟಿಲ್ಲ, ಎಫ್‌ಡಿಎ ಅವಕ್ಕೆ ಘನೀಕರಣದಿಂದ ವಿನಾಯಿತಿಯನ್ನೂ ಕೊಟ್ಟಿದೆ. ಅಲ್ಲಿನ ಶತ್ರು ಹಿಸ್ಟಮಿನ್. ಹಿಡಿದ ಮೀನಿಗೆ ತಕ್ಷಣ ಐಸ್ ಬೀಳದಿದ್ದರೆ ಬ್ಯಾಕ್ಟೀರಿಯಾ ಅದನ್ನು ತಯಾರಿಸುತ್ತವೆ. ಮುಖ ಕೆಂಪೇರಿ, ತಲೆ ಸಿಡಿದು, ಮೈಯೆಲ್ಲ ದದ್ದು ಏಳುತ್ತದೆ. ಒಮ್ಮೆ ಉಂಟಾದ ಹಿಸ್ಟಮಿನ್ ಘನೀಕರಿಸಿದರೂ ಹೋಗದು, ಬೇಯಿಸಿದರೂ ಹೋಗದು.

ಬೆಂಗಳೂರಿನ ಹೋಟೆಲುಗಳಲ್ಲಿ ಈಗ ಸುಶಿ, ಸಶಿಮಿ ಸುಲಭವಾಗಿ ಸಿಗುತ್ತವೆ. ಮೀನು ಎಷ್ಟು ತಾಜಾ ಎನ್ನುವುದರ ಜೊತೆಗೆ, ಅದನ್ನು ಎಷ್ಟು ಡಿಗ್ರಿಯಲ್ಲಿ, ಎಷ್ಟು ಹೊತ್ತು ಘನೀಕರಿಸಿದ್ದರು ಎಂದೂ ಗ್ರಾಹಕರು ಕೇಳಬೇಕು. ಮಾರುಕಟ್ಟೆಯಿಂದ ತಂದ ಮೀನನ್ನು ಮನೆಯ ಫ್ರೀಜರಿನಲ್ಲಿಟ್ಟು ಹಸಿಯಾಗಿ ತಿನ್ನುವುದು ಬೇಡ: ಮನೆಯ ಫ್ರೀಜರುಗಳು ಹೆಚ್ಚೆಂದರೆ −18 ಡಿಗ್ರಿಯ ಆಸುಪಾಸಿನವು, ಬಾಗಿಲು ತೆರೆದಾಗಲೆಲ್ಲ ತಾಪ ಏರುತ್ತದೆ. ಗರ್ಭಿಣಿಯರು, ರೋಗನಿರೋಧಕ ಶಕ್ತಿ ಕುಂದಿದವರು ಸರಿಯಾಗಿ ಘನೀಕರಿಸಿದ ಹಸಿ ಮೀನನ್ನೂ ಮುಟ್ಟದಿರುವುದೇ ಲೇಸು. ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಫ್ರಿಜ್ಜಿನ ತಂಪಿನಲ್ಲೂ ಬೆಳೆಯುತ್ತದೆ, ಹೆಪ್ಪುಗಟ್ಟಿಸಿದರೂ ಬದುಕುತ್ತದೆ, ತಾಯಿಯಿಂದ ಹೊಟ್ಟೆಯಲ್ಲಿರುವ ಮಗುವಿಗೂ ದಾಟುತ್ತದೆ.