ಬಾಳೆಹಣ್ಣು ಫೋನ್ ಆಗುವ ಹೊತ್ತು

ಇವತ್ತಿನ ಸಂಚಿಕೆ ಪುಟ್ಟ ಮಕ್ಕಳ ಕಲ್ಪನಾಶಕ್ತಿಯ ಬಗ್ಗೆ. ದುಬೈ, ಅಬುಧಾಬಿಯ ಕನ್ನಡ ಮನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಮಾಡ್ತಿದ್ದೇವೆ. ಬೇಸಿಗೆಯಲ್ಲಿ ಅಲ್ಲಿ ಹಗಲಿನ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಮಾಮೂಲು. ಆಡೋಕೆ ಅಂಗಳವಿಲ್ಲ, ಹಿತ್ತಲಿಲ್ಲ. ಮೂರು ವರ್ಷದ ಮಗು ಫ್ಲ್ಯಾಟಿನೊಳಗೇ ದಿನ ಕಳೀಬೇಕು. ಪಾಪ ಅನ್ನಿಸಿ ಅಪ್ಪ ಅಮ್ಮ ಮಾಲ್‌ಗೆ ಹೋಗಿ ದುಬಾರಿ ಆಟಿಕೆ ತರ್ತಾರೆ. ವಾರದೊಳಗೆ ಆಟಿಕೆ ಸೋಫಾದ ಕೆಳಗೆ ಸೇರುತ್ತೆ. ಮಗು ಮಾತ್ರ ಅದು ಬಂದ ರಟ್ಟಿನ ಡಬ್ಬದೊಳಗೆ ಕೂತು ಬಸ್ಸು ಓಡಿಸ್ತಿರುತ್ತೆ!

ಈ ಬಸ್ಸು ಸಣ್ಣ ವಿಷಯವಲ್ಲ. ಸುಮಾರು ಒಂದೂವರೆ ವರ್ಷದಿಂದ ಮಕ್ಕಳು ಇಂಥ 'ಸುಳ್ಳುಸುಳ್ಳೇ' ಆಟ ಶುರುಮಾಡ್ತಾರೆ. ಬಾಳೆಹಣ್ಣನ್ನು ಕಿವಿಗಿಟ್ಟು 'ಹಲೋ' ಅನ್ನುವ ಮಗುವಿಗೆ ಹಣ್ಣು ಯಾವುದು, ಫೋನ್ ಯಾವುದು ಅನ್ನುವ ಗೊಂದಲ ಯಾಕಾಗಲ್ಲ? ಮನೋವಿಜ್ಞಾನಿ ಅಲನ್ ಲೆಸ್ಲಿ 1987ರಲ್ಲಿ ಇದೇ ಉದಾಹರಣೆ ಹಿಡಿದು ಒಂದು ವಿವರಣೆ ಕೊಟ್ಟರು. ಮಗುವಿನ ಮನಸ್ಸು ಇರುವ ಲೋಕವನ್ನೂ ಊಹೆಯ ಲೋಕವನ್ನೂ ಬೇರೆಬೇರೆಯಾಗಿ ಹಿಡಿದಿಟ್ಟುಕೊಳ್ಳುತ್ತೆ. ಪ್ರಯೋಗಕ್ಕೆ ಮುಂಚೆ 'ಹೀಗಿದ್ದರೆ ಏನಾಗಬಹುದು?' ಎಂದು ನಾವು ಜೀವವಿಜ್ಞಾನಿಗಳು ಯೋಚಿಸುವುದೂ ಇದೇ ಜಾತಿಯ ಕೆಲಸ.

ಹಾಗಾದರೆ ಇದನ್ನು ಬೆಳೆಸೋದು ಹೇಗೆ? ಎರಡು ಪ್ರಯೋಗ ನೋಡೋಣ. 2018ರಲ್ಲಿ ಅಮೆರಿಕದ ಟೊಲೆಡೊ ವಿಶ್ವವಿದ್ಯಾಲಯದ ಸಂಶೋಧಕರು 36 ಪುಟಾಣಿಗಳನ್ನು ಒಮ್ಮೆ 4 ಆಟಿಕೆಗಳೊಂದಿಗೆ, ಇನ್ನೊಮ್ಮೆ 16 ಆಟಿಕೆಗಳೊಂದಿಗೆ ಆಡಲು ಬಿಟ್ಟರು. ನಾಲ್ಕೇ ಇದ್ದಾಗ ಮಕ್ಕಳು ಒಂದೊಂದರ ಜೊತೆ ಹೆಚ್ಚು ಹೊತ್ತು, ಹೆಚ್ಚು ಬಗೆಯಲ್ಲಿ ಆಡಿದರು.

ಎರಡನೆಯದು 2011ರದ್ದು. ಎಲಿಜಬೆತ್ ಬೊನಾವಿಟ್ಜ್ ಮತ್ತು ಸಂಗಡಿಗರು ಹಲವು ಗುಟ್ಟುಗಳಿದ್ದ ಒಂದು ಆಟಿಕೆಯನ್ನು ಶಾಲೆಗೆ ಸೇರುವ ಮುಂಚಿನ ವಯಸ್ಸಿನ ಮಕ್ಕಳಿಗೆ ಕೊಟ್ಟರು. ಒಂದು ಕಡೆ ಎಳೆದರೆ ಕೀಚಲು ಸದ್ದು, ಇನ್ನೊಂದು ಕಡೆ ಬೆಳಕು, ಮತ್ತೊಂದು ಕಡೆ ಕನ್ನಡಿ. 'ನೋಡು, ಇದು ಹೀಗೆ ಕೆಲಸ ಮಾಡುತ್ತೆ' ಎಂದು ಸದ್ದನ್ನು ಮಾತ್ರ ಕಲಿಸಿದಾಗ ಮಕ್ಕಳು ಹೆಚ್ಚಾಗಿ ಅದರಲ್ಲೇ ನಿಂತುಬಿಟ್ಟರು. ಅದೇ ಸದ್ದನ್ನು ಆಕಸ್ಮಿಕ ಎಂಬಂತೆ ಮಾಡಿದಾಗ ಉಳಿದ ಗುಟ್ಟುಗಳನ್ನೂ ಹುಡುಕಿದರು. ದೊಡ್ಡವರು ಇಷ್ಟೇ ಹೇಳಿದರೆ ಇರೋದೂ ಇಷ್ಟೇ ಇರಬೇಕು ಅಂತ ಮಗು ಲೆಕ್ಕ ಹಾಕುತ್ತೆ. ಜಾಣ ಲೆಕ್ಕವೇ, ಆದರೆ ಹುಡುಕಾಟ ಅಲ್ಲಿಗೆ ನಿಂತಿತು. ಹಾಗಂತ ಕಲಿಸಲೇಬಾರದು ಎಂದಲ್ಲ. ಗ್ಯಾಸ್ ಒಲೆ, ಬಾಲ್ಕನಿ ವಿಷಯದಲ್ಲಿ ನೇರವಾಗಿ ಹೇಳಲೇಬೇಕು. ಆಟದಲ್ಲಿ ಮಾತ್ರ ಸ್ವಲ್ಪ ಕಾಯಬೇಕು.

ಮನೆಯಲ್ಲಿ ಏನು ಮಾಡಬಹುದು? ಅರ್ಧ ಆಟಿಕೆಗಳನ್ನು ಕಪಾಟಿನಲ್ಲಿಟ್ಟು ತಿಂಗಳಿಗೊಮ್ಮೆ ಅದಲುಬದಲು ಮಾಡಿ. ಡಬ್ಬ, ಪಂಚೆ, ಮರದ ಸೌಟು ಹೊರಗಿರಲಿ. ಅಬುಧಾಬಿಯ ಲೂವ್ರ್ ಮ್ಯೂಸಿಯಂಗೆ ಹೋದರೆ, ಗುಮ್ಮಟದ ಜಾಲರಿಯಿಂದ ನೆಲಕ್ಕೆ ಬೀಳುವ ಬೆಳಕಿನ ಚುಕ್ಕಿಗಳನ್ನು ವಿವರಿಸುವ ಮುಂಚೆ 'ನಿಂಗೇನು ಕಾಣ್ತಿದೆ?' ಎಂದು ಕೇಳಿ. ಉತ್ತರ ಬರುವವರೆಗೆ ಸುಮ್ಮನಿರಿ. ಕಷ್ಟ ಇರೋದು ಇಲ್ಲೇ.

ಕೊನೆಯದು ಭಾಷೆ. ಕನ್ನಡ ಮಿತ್ರರು ಬಳಗ ದುಬೈಯಲ್ಲಿ 2014ರಿಂದ ಉಚಿತ ಕನ್ನಡ ಪಾಠಶಾಲೆ ನಡೆಸ್ತಿದೆ. ಅಕ್ಷರ ಅಲ್ಲಿ ಕಲಿಯಬಹುದು. ಆದರೆ ಕನ್ನಡದಲ್ಲಿ ಕನಸು ಕಟ್ಟುವ ಜಾಗ ಮನೆಯೇ. ದುಬೈಯಲ್ಲಿ ಸಂಜೆ ಏಳಾದಾಗ ಊರಲ್ಲಿ ಎಂಟೂವರೆ, ಅಜ್ಜಿ ಇನ್ನೂ ಎದ್ದಿರ್ತಾರೆ. ವಿಡಿಯೋ ಕರೆಯಲ್ಲಿ 'ಊಟ ಆಯ್ತಾ?' ಕೇಳಿ ಮುಗಿಸುವ ಬದಲು ಅರ್ಧ ಕಥೆ ಹೇಳಿ ನಿಲ್ಲಿಸಲಿ. ಮುಂದಿನದ್ದು ಮಗು ಹೇಳಲಿ. ಮಧ್ಯೆ ಇಂಗ್ಲಿಷ್ ಬಂದರೂ, ಹುಲಿ ಮೆಟ್ರೋ ಹತ್ತಿದರೂ ತಿದ್ದಬೇಡಿ. ಕಥೆ ಮುಂದೆ ಹೋಗಲಿ.