ದಂಡವಿಚಾರಣೆಯಲ್ಲಿ ಜೂರಿಗಳ ವರಣಕ್ರಮ

1881ನೆಯ ಇಸವಿಯಲ್ಲಿ ಮೈಸೂರು ಸಂಸ್ಥಾನವು ಒಡೆಯರ ವಂಶಕ್ಕೆ ಪ್ರತ್ಯರ್ಪಿತವಾದಾಗ ಬೆಂಗಳೂರಿನ ದಂಡು ಪ್ರದೇಶವು ಮಾತ್ರ ಆಂಗ್ಲರ ಆಡಳಿತದಲ್ಲಿಯೇ ಉಳಿಯಿತು. 1947ರ ವರೆಗೂ ಈ ಸ್ಥಿತಿಯಿದ್ದುದರಿಂದ, ಹಲಸೂರಿನಲ್ಲಿ ನಡೆದ ಕೊಲೆಯ ವಿಚಾರಣೆಯು ಒಂದು ಸರಕಾರದ ನ್ಯಾಯಸ್ಥಾನಕ್ಕೂ, ಅಲ್ಲಿಂದ ಪೂರ್ವಕ್ಕೆ ಕೆಲವೇ ಮೈಲಿಗಳಾಚೆಯ ಕೃಷ್ಣರಾಜಪುರದಲ್ಲಿ ನಡೆದ ಕೊಲೆಯ ವಿಚಾರಣೆಯು ಬೇರೊಂದು ಸರಕಾರದ ನ್ಯಾಯಸ್ಥಾನಕ್ಕೂ ಸೇರತಕ್ಕದ್ದಾಗಿತ್ತು. 1898ನೆಯ ಇಸವಿಯ ಭಾರತೀಯ ದಂಡಪ್ರಕ್ರಿಯಾಸಂಹಿತೆಯು 1951ರಲ್ಲಿ ಮೈಸೂರಿಗೆ ವಿಸ್ತರಿಸಲ್ಪಟ್ಟ ಮೇಲೆ ಎರಡೂ ಊರುಗಳಿಗೆ ಒಂದೇ ವಿಧಿಯಾಯಿತು.

ಆ ಸಂಹಿತೆಯ ಪ್ರಕಾರ ಜೂರಿಗಳನ್ನು ಚೀಟಿ ಎತ್ತಿ ಆರಿಸುತ್ತಿದ್ದರು. ಚೀಟಿಯೆಂದೊಡನೆ ಆಯ್ಕೆಯು ಕೇವಲ ದೈವಾಧೀನವೆಂದು ತೋರುವುದು, ವಸ್ತುತಃ ಹಾಗಲ್ಲ. ಚೀಟಿಗೆ ಪೂರ್ವದಲ್ಲಿ ಒಂದು ಪಟ್ಟಿ ಇರುತ್ತಿತ್ತು. 1898ರ ಪಾಠದಂತೆ ಇಪ್ಪತ್ತೊಂದರಿಂದ ಅರವತ್ತು ವರ್ಷದೊಳಗಿನ ಪುರುಷರೆಲ್ಲರೂ ಈ ಕರ್ತವ್ಯಕ್ಕೆ ಬದ್ಧರು. ಸ್ತ್ರೀಯರ ಪ್ರಸಕ್ತಿಯೇ ಇಲ್ಲ. ಪೊಲೀಸರು, ವಕೀಲರು, ವೈದ್ಯರು, ಅರ್ಚಕರು, ಅಂಚೆ ಮತ್ತು ತಂತಿಯ ನೌಕರರು ಮೊದಲಾದವರಿಗೆ ವಿನಾಯಿತಿ. ಉಳಿದವರಲ್ಲಿ ಯಾರು ಯೋಗ್ಯರೆಂಬುದನ್ನು ಸೆಷನ್ಸ್ ನ್ಯಾಯಾಧೀಶನೂ ಜಿಲ್ಲೆಯ ಮುಖ್ಯ ಕಂದಾಯಾಧಿಕಾರಿಯೂ ತಮ್ಮ ಬುದ್ಧಿಯಿಂದ ನಿರ್ಣಯಿಸಿ, ಅಕ್ಷರಾನುಕ್ರಮದಲ್ಲಿ ಹೆಸರುಗಳನ್ನು ಬರೆದು ಪ್ರಕಟಿಸುತ್ತಿದ್ದರು. ಆಕ್ಷೇಪಣೆಗಳನ್ನು ಕೇಳಿ ವರ್ಷಕ್ಕೊಮ್ಮೆ ತಿದ್ದುವುದೂ ಉಂಟು. ಆದುದರಿಂದ ನಿಜವಾದ ವರಣವು ನಡೆಯುತ್ತಿದ್ದುದು ಕಚೇರಿಯ ಲೇಖನಿಯಲ್ಲಿಯೇ ಹೊರತು ಚೀಟಿಯ ಪೆಟ್ಟಿಗೆಯಲ್ಲಲ್ಲ. ಪಟ್ಟಿಗೆ ಸೇರದವನ ಹೆಸರನ್ನು ಯಾವ ದೈವವೂ ಎತ್ತಲಾರದು.

ಬಳಿಕ ಎರಡು ಸಲ ಚೀಟಿ. ಮೊದಲನೆಯದರಿಂದ, ವಿಚಾರಣೆಗೆ ಬೇಕಾದುದಕ್ಕೆ ಇಮ್ಮಡಿಗೆ ಕಡಿಮೆಯಿಲ್ಲದಷ್ಟು ಜನರನ್ನು ಕರೆಯಿಸತಕ್ಕದ್ದು; ಆರು ತಿಂಗಳೊಳಗೆ ಕುಳಿತಿದ್ದವರನ್ನು ಸಾಧ್ಯವಾದ ಮಟ್ಟಿಗೆ ಬಿಡತಕ್ಕದ್ದು. ಎರಡನೆಯದು ವಿಚಾರಣೆಯ ದಿನ, ನೆರೆದವರ ಮಧ್ಯದಿಂದ. ಹೆಸರು ಕರೆದೊಡನೆ ಆರೋಪಿತನು ಆಕ್ಷೇಪಿಸಬಹುದಾಗಿತ್ತು: ಈತನು ಪಕ್ಷಪಾತಿ, ಈತನು ಹಿಂದೆ ದಂಡಿತನಾದವನು, ಈತನು ಲೌಕಿಕ ವ್ಯವಹಾರವನ್ನು ಬಿಟ್ಟ ವ್ರತಸ್ಥನು, ಈತನಿಗೆ ಸಾಕ್ಷ್ಯದ ಭಾಷೆ ತಿಳಿಯದು, ಇತ್ಯಾದಿ. ಕನ್ನಡ, ತೆಲುಗು, ತಮಿಳು, ಉರ್ದುಗಳು ಬೆರೆತು ನಡೆಯುವ ಬೆಂಗಳೂರಿನ ಪೂರ್ವಭಾಗದಲ್ಲಿ ಈ ಕಡೆಯ ಕಾರಣವು ಅಲ್ಪವಲ್ಲ. ಸಾಕ್ಷಿಯು ಆಡಿದ ಒಂದು ಮಾತಿನ ಕಾಕು ತಿಳಿಯದವನ ಕೈಯಲ್ಲಿ ಪ್ರಾಣವನ್ನಿಡಲು ಯಾವನು ಒಪ್ಪುವನು?

ಸರಕಾರವು ಗೊತ್ತುಮಾಡಿದ ಜಿಲ್ಲೆಗಳಲ್ಲಿ, ಗೊತ್ತುಮಾಡಿದ ಅಪರಾಧಗಳಿಗೆ ಮಾತ್ರ ಜೂರಿಯಿರುತ್ತಿತ್ತು. ಉಳಿದೆಡೆ ಅಸೆಸರುಗಳೆಂಬವರು ಕುಳಿತು ಅಭಿಪ್ರಾಯ ಹೇಳುತ್ತಿದ್ದರು. ನ್ಯಾಯಾಧೀಶನು ಅದಕ್ಕೆ ಬದ್ಧನಲ್ಲ. ಇನ್ನು ಯೂರೋಪಿಯನ್ ಬ್ರಿಟಿಷ್ ಪ್ರಜೆಯು ಆರೋಪಿತನಾದರೆ ಜೂರಿಯಲ್ಲಿ ಸ್ವವರ್ಗದವರಿರಬೇಕೆಂದು ಕೇಳುವ ಹಕ್ಕು ಅವನಿಗಿತ್ತು. 1949ರಲ್ಲಿ ಈ ವರ್ಣಭೇದವು ಹೋಯಿತು.

ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರೆಯ ವ್ಯವಹಾರಾಧ್ಯಾಯವನ್ನು ಈ ಪ್ರಸಂಗದಲ್ಲಿ ನೋಡುವುದು ಯುಕ್ತ. ಅಲ್ಲಿ ಚೀಟಿಯಿಲ್ಲ. ಶ್ರುತಾಧ್ಯಯನಸಂಪನ್ನರೂ, ಸತ್ಯವಾದಿಗಳೂ, ಶತ್ರುಮಿತ್ರರಲ್ಲಿ ಸಮರೂ ಆದವರನ್ನು ರಾಜನು ಸಭಾಸದರನ್ನಾಗಿ ಮಾಡತಕ್ಕದ್ದು. ಲೋಕರಂಜನಾರ್ಥವಾಗಿ ಕೆಲವು ವರ್ತಕರೂ ಇರತಕ್ಕದ್ದು. ನಿಯುಕ್ತನಾದ ಸಭ್ಯನು ರಾಜನು ತಪ್ಪುದಾರಿ ಹಿಡಿದರೆ ತಡೆಯಬೇಕು, ತಡೆಯದಿದ್ದರೆ ದೋಷಿ. ಅನಿಯುಕ್ತನಿಗೆ ತಪ್ಪು ನುಡಿದರೂ ನುಡಿಯದಿದ್ದರೂ ದೋಷವುಂಟು. ರಾಜನನ್ನು ತಡೆಯಲಿಲ್ಲವೆಂಬ ದೋಷ ಮಾತ್ರ ಇಲ್ಲ. ರಾಗ, ಲೋಭ ಅಥವಾ ಭಯದಿಂದ ಶಾಸ್ತ್ರವಿರುದ್ಧವಾಗಿ ತೀರ್ಪಿಟ್ಟ ಸಭ್ಯರಿಗೆ ಸೋತವನ ದಂಡದ ಇಮ್ಮಡಿಯು ಪ್ರತ್ಯೇಕ ಪ್ರತ್ಯೇಕವಾಗಿ. ಜೂರಿಯವನಿಗಾದರೋ ತನ್ನ ಮತಕ್ಕೆ ಕಾರಣ ಹೇಳುವ ಹೊಣೆಯೂ ಇರಲಿಲ್ಲ. ಸ್ಮೃತಿಯ ಆಯ್ಕೆಯು ಸಂಕುಚಿತ, ಹೊಣೆ ದೊಡ್ಡದು. ಸಂಹಿತೆಯ ಆಯ್ಕೆಯು ವಿಶಾಲ, ಹೊಣೆ ಸಣ್ಣದು. ಗುಣವನ್ನೂ ಚೀಟಿಯನ್ನೂ ಕೂಡಿಸಿದ ಕ್ರಮವೂ ದಕ್ಷಿಣದೇಶಕ್ಕೆ ಅಪರಿಚಿತವಲ್ಲ. ಚೋಳ ಪರಾಂತಕನ ಕಾಲದ ಉತ್ತರಮೇರೂರಿನ ಶಾಸನಗಳಲ್ಲಿ, ನ್ಯಾಯಸಭೆಗಲ್ಲದಿದ್ದರೂ ಗ್ರಾಮದ ವಾರಿಯಗಳಿಗೆ, ಮೊದಲು ಯೋಗ್ಯತೆಯನ್ನು ಗೊತ್ತುಮಾಡಿ ಅನಂತರ ಕುಂಭದಿಂದ ಓಲೆ ಎತ್ತುವ ವಿಧಿಯಿದೆ.

ಅಸೆಸರುಗಳ ಪದ್ಧತಿಯು 1955ರ ತಿದ್ದುಪಡಿಯಿಂದ ನಿಂತಿತು. ಜೂರಿಯನ್ನು ತೆಗೆದುಬಿಡಬೇಕೆಂದು ನ್ಯಾಯ ಆಯೋಗವು 1958ರಲ್ಲಿ ಹೇಳಿತು. ಮರುವರ್ಷ ಮುಂಬಯಿಯ ನಾನಾವತಿ ಪ್ರಕರಣದಲ್ಲಿ ಜೂರಿಯು ಎಂಟಕ್ಕೆ ಒಂದರಂತೆ ನಿರ್ದೋಷಿಯೆನ್ನಲು, ನ್ಯಾಯಾಧೀಶನು ಒಪ್ಪದೆ ಹೈಕೋರ್ಟಿಗೆ ಬರೆದನು. ಅದು ವಿಧಿಸಿದ ಶಿಕ್ಷೆಯನ್ನು ಸುಪ್ರೀಂ ಕೋರ್ಟು 1961ರಲ್ಲಿ ಸ್ಥಿರಪಡಿಸಿತು. 1974ರ ಏಪ್ರಿಲ್ 1ರಿಂದ ಜಾರಿಗೆ ಬಂದ ನೂತನ ಸಂಹಿತೆಯಲ್ಲಿ ಜೂರಿಯ ಅಧ್ಯಾಯವೇ ಇರಲಿಲ್ಲ.

ಕೃಷ್ಣರಾಜಪುರದ ಗೃಹಸ್ಥನಿಗೆ ಈಗ ಉಳಿದಿರುವುದು ಪಂಚನ ಕೆಲಸ. ಮನೆಯನ್ನು ಶೋಧಿಸುವ ಅಧಿಕಾರಿಯು ಆ ಸ್ಥಳದ ಸ್ವತಂತ್ರರೂ ಗೌರವಸ್ಥರೂ ಆದ ಇಬ್ಬರಿಗೆ ಕಡಿಮೆಯಿಲ್ಲದಂತೆ ಕರೆಯತಕ್ಕದ್ದೆಂಬ ವಿಧಿಯು 2024ರ ಜುಲೈ 1ರಿಂದ ನಡೆಯುತ್ತಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿಯೂ ಇದೆ. ಗೌರವಸ್ಥನಾರೆಂಬುದನ್ನು ಅಲ್ಲಿಯೂ ಅಧಿಕಾರಿಯೇ ನಿರ್ಣಯಿಸುವನು.