ಅವರದೇ ರಕ್ತ, ಅವರದೇ ಗಾಯಕ್ಕೆ

ಡ್ರೆಸ್ಸಿಂಗ್ ಕೋಣೆಯ ಮಂಚದ ಮೇಲೆ ಕಾಲು ಚಾಚಿ ಕೂತವರು ಕೋಲಾರದ ಕಡೆಯ ಟೊಮೆಟೊ ಬೆಳೆಗಾರರು. ಬ್ಯಾಂಡೇಜು ಬಿಚ್ಚುತ್ತಾ ಹೋದಂತೆ ಹೆಬ್ಬೆರಳ ಬುಡದ ಹುಣ್ಣು ಕಾಣಿಸಿತು. ಸುತ್ತಲೂ ಬಿಳಿಚಿಕೊಂಡು ಗಡುಸಾದ ಚರ್ಮ. ಚಪ್ಪಲಿಯೊಳಗೆ ಸೇರಿದ್ದ ಕಲ್ಲು ದಿನವಿಡೀ ಒತ್ತಿದರೂ ಅವರಿಗೆ ತಿಳಿದಿರಲಿಲ್ಲ. ಸಕ್ಕರೆ ಕಾಯಿಲೆಯಿಂದ ಪಾದ ಅಷ್ಟು ಮರಗಟ್ಟಿತ್ತು. ತಿಂಗಳುಗಳು ಉರುಳಿದರೂ ಗಾಯ ಮಾಯಲಿಲ್ಲ.

"ನೋವಾಗ್ತಿದ್ಯಾ ಯಜಮಾನ್ರೇ?" ಸತ್ತ ಚರ್ಮ ಹೆರೆಯುತ್ತಾ ಡಾಕ್ಟರು ಕೇಳಿದರು.

"ಏನೂ ಗೊತ್ತಾಗ್ತಿಲ್ಲ ಸಾರ್."

ಭಯ ಹುಟ್ಟಿಸುವುದು ಈ ಉತ್ತರವೇ.

ಸಿಸ್ಟರ್ ಯಜಮಾನರ ತೋಳಿನಿಂದ ರಕ್ತ ತೆಗೆದು ಗಾಜಿನ ಕೊಳವೆಗೆ ತುಂಬಿದವರೇ ಸೆಂಟ್ರಿಫ್ಯೂಜಿನತ್ತ ಧಾವಿಸಿದರು. ಹೆಪ್ಪುಗಟ್ಟದಂತೆ ತಡೆಯುವ ಔಷಧಿ ಏನನ್ನೂ ಬೆರೆಸಿಲ್ಲ. ತಡವಾದರೆ ಕೆಲಸ ಕೆಟ್ಟಿತು. ನಿಮಿಷಕ್ಕೆ 3000 ಸುತ್ತಿನಂತೆ 10 ನಿಮಿಷ ತಿರುಗಿದ ಕೊಳವೆಯನ್ನು ಹೊರತೆಗೆದಾಗ ತಳದಲ್ಲಿ ಕಡುಗೆಂಪು, ಮೇಲೆ ತಿಳಿಹಳದಿ ನೀರು, ನಡುವೆ ಎಳೆ ತಾಟಿನುಂಗಿನ ಹಾಗೆ ಅಲುಗುವ ಹೆಪ್ಪು. ಚಿಮಟದಲ್ಲಿ ಅದನ್ನೆತ್ತಿ, ಕೆಂಪು ಭಾಗವನ್ನು ಬಿಡಿಸಿ, ಗಾಜ್ ಬಟ್ಟೆಯ ನಡುವೆ ಮೆಲ್ಲಗೆ ಒತ್ತಿದರೆ ತೆಳ್ಳನೆಯ ಪೊರೆ ಸಿದ್ಧ. ಫ್ರಾನ್ಸಿನ ಜೋಸೆಫ್ ಶುಕ್ರೂನ್ 2001ರಲ್ಲಿ ರೂಪಿಸಿದ ಈ ಪಿಆರ್‌ಎಫ್ (ಪ್ಲೇಟ್‌ಲೆಟ್ ರಿಚ್ ಫೈಬ್ರಿನ್) ವಿಧಾನ ಮೊದಲು ಬಳಕೆಗೆ ಬಂದದ್ದು ಬಾಯಿಯ ಶಸ್ತ್ರಚಿಕಿತ್ಸೆಯಲ್ಲಿ. ಪೊರೆಯ ಫೈಬ್ರಿನ್ ಬಲೆಯಲ್ಲಿ ಸಿಕ್ಕಿಕೊಂಡ ಪ್ಲೇಟ್‌ಲೆಟ್ ಮತ್ತು ಬಿಳಿ ರಕ್ತಕಣಗಳು ಹೊಸ ರಕ್ತನಾಳ, ಹೊಸ ಮಾಂಸ ಬೆಳೆಯಲು ಪ್ರಚೋದಿಸುವ ಅಂಶಗಳನ್ನು ದಿನಗಟ್ಟಲೆ ಸ್ವಲ್ಪಸ್ವಲ್ಪವಾಗಿ ಬಿಡುತ್ತವೆ.

ಇದೇ ಜಾತಿಯ ಇನ್ನೊಂದು ಪೊರೆಯನ್ನು ಬ್ರಿಟನ್, ಡೆನ್ಮಾರ್ಕ್, ಸ್ವೀಡನ್‌ಗಳಲ್ಲಿ 269 ಮಂದಿಯ ಮೇಲೆ ಪರೀಕ್ಷಿಸಿದ್ದರು. 2018ರಲ್ಲಿ ಫಲಿತಾಂಶ ಪ್ರಕಟವಾಯಿತು: 20 ವಾರಗಳೊಳಗೆ ಗಾಯ ಮಾದದ್ದು ಮಾಮೂಲಿ ಆರೈಕೆ ಮಾತ್ರ ಪಡೆದವರಲ್ಲಿ ಶೇ 22, ಜೊತೆಗೆ ಪೊರೆಯನ್ನೂ ಪಡೆದವರಲ್ಲಿ ಶೇ 34. ಪವಾಡವೇನಲ್ಲ. ಆದರೆ ಕೀವು, ವಾಸನೆ, ಬ್ಯಾಂಡೇಜುಗಳ ನಡುವೆಯೇ ತಿಂಗಳು ಕಳೆದವರಿಗೆ ಈ ಅಂತರ ದೊಡ್ಡದೆಂದೇ ನಾನು ನಂಬುತ್ತೇನೆ. ಪೊರೆ ಫಲ ಕೊಡಬೇಕಾದರೆ ಪಾದಕ್ಕೆ ರಕ್ತ ಹರಿಯುತ್ತಿರಬೇಕು, ಸೋಂಕು ಇಳಿದಿರಬೇಕು, ಶುಗರ್ ಹತೋಟಿಯಲ್ಲಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಗಾಯದ ಮೇಲೆ ಮೈಭಾರ ಬೀಳಬಾರದು. ರೈತರಿಗೆ ಇದೇ ಕಷ್ಟ.

ಪೊರೆ ಹೊದಿಸಿ ಪಟ್ಟಿ ಕಟ್ಟುವಷ್ಟರಲ್ಲಿ ಯಜಮಾನರು ಕೇಳಿಯೇಬಿಟ್ಟರು: "ನಾಳೆ ತೋಟಕ್ಕೆ ಹೋಗ್ಬೋದಾ ಸಾರ್?"

"ಆ ಕಾಲು ಊರೋ ಹಾಗೇ ಇಲ್ಲ."

"ನೀರು ಕಟ್ಟೋದು ನಾನು, ಮಗ ನೋಡ್ಕೋತೀವಿ," ಎಂದರು ಜೊತೆಗೆ ಬಂದಿದ್ದ ಹೆಂಡತಿ. ಮತ್ತೆ ಯಾವತ್ತು ಬರಬೇಕು, ಗಾಯ ಮಾದ ಮೇಲೆ ಹಾಕಿಕೊಳ್ಳುವ ಮೆತ್ತನೆ ರಬ್ಬರಿನ ಎಂಸಿಆರ್ ಚಪ್ಪಲಿಗೆ ಅಳತೆ ಎಲ್ಲಿ ಕೊಡಬೇಕು ಎಂದು ಸಿಸ್ಟರ್ ಹತ್ತಿರ ವಿಚಾರಿಸತೊಡಗಿದರು.